ಕುಸಿಯುವ ಕಟ್ಟಡ ಮತ್ತು ಅಗ್ನಿಶಾಮಕ ಭಟ: ಗೋದಾಮಿನ ಒಡೆಯರು ಅರಿಯಬೇಕಾದ ಸಂಗತಿಗಳು

ಗೋದಾಮೊಂದನ್ನು ಬಾಡಿಗೆಗೆ ಹಿಡಿಯುವಾಗ ವರ್ತಕರು ವಿಚಾರಿಸುವ ಸಂಗತಿಗಳು ಬಹುತೇಕ ಮೂರೇ. ಬಾಡಿಗೆ ಎಷ್ಟು, ಎಷ್ಟು ಚೀಲ ಹಿಡಿಯುತ್ತದೆ, ಲಾರಿ ಬಾಗಿಲವರೆಗೆ ಬರುತ್ತದೆಯೇ. ನಾಲ್ಕನೆಯದೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ವಿರಳ. ಬೆಂಕಿ ಬಿದ್ದ ದಿನ ಒಳಹೊಕ್ಕ ಅಗ್ನಿಶಾಮಕ ಭಟನು ಹೊರಬರುವ ತನಕ ಈ ಕಟ್ಟಡ ನಿಂತಿರುವುದೇ? ಈ ಪ್ರಶ್ನೆಗೆ ಉತ್ತರವು ಆ ಭಟನ ಕೈಯಲ್ಲಿಲ್ಲ. ಕಟ್ಟಡವನ್ನು ಕಟ್ಟಿಸಿದವರ ಹಾಗೂ ಅದರಲ್ಲಿ ಸರಕು ತುಂಬಿದವರ ಕೈಯಲ್ಲಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಮಂಡಿ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ವಿಷಯ ಅನ್ವಯಿಸುವುದರಿಂದ ಅದನ್ನು ಇಲ್ಲಿ ವಿವರವಾಗಿ ಪರಿಶೀಲಿಸಲಾಗಿದೆ.

ಬದುಕುಳಿದವರ ಅನುಭವ

ಕುಸಿದ ಕಟ್ಟಡದೊಳಗಿಂದ ಬದುಕಿ ಬಂದ ಅಗ್ನಿಶಾಮಕರ ಅನುಭವಗಳ ಪೈಕಿ ಜಗತ್ತಿನಲ್ಲಿ ಹೆಚ್ಚು ದಾಖಲಾಗಿರುವುದು ನ್ಯೂಯಾರ್ಕಿನ ಕ್ಯಾಪ್ಟನ್ ಜೇ ಜೋನಸ್ ಹಾಗೂ ಅವರ ಲ್ಯಾಡರ್ 6 ತಂಡದ್ದು. 2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರಕ್ಕೆ ವಿಮಾನ ಅಪ್ಪಳಿಸಿದ ಮೇಲೆ ಈ ತಂಡವು ಭಾರವಾದ ಸಲಕರಣೆಗಳನ್ನು ಹೊತ್ತು ಮೆಟ್ಟಿಲುಗಳ ಮೂಲಕ 27ನೆಯ ಮಹಡಿಯವರೆಗೆ ಏರಿತ್ತು. ಬೆಳಿಗ್ಗೆ 9 ಗಂಟೆ 59 ನಿಮಿಷಕ್ಕೆ ಪಕ್ಕದ ದಕ್ಷಿಣ ಗೋಪುರ ಕುಸಿಯಿತು. ಆ ಗೋಪುರ ಬಿದ್ದ ಮೇಲೆ ತಾವಿರುವ ಗೋಪುರವೂ ನಿಲ್ಲಲಾರದೆಂದು ಜೋನಸ್ ಗ್ರಹಿಸಿದರು. ತಮ್ಮ ಭಟರಿಗೆ ಕೆಳಗಿಳಿಯಲು ಆದೇಶವಿತ್ತರು.

ಇಳಿಯುವ ದಾರಿಯಲ್ಲಿ ಜೋಸೆಫೀನ್ ಹ್ಯಾರಿಸ್ ಎಂಬ ಮಹಿಳೆ ಎದುರಾದರು. ಬಂದರು ಪ್ರಾಧಿಕಾರದ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ ಅವರು 73ನೆಯ ಮಹಡಿಯಿಂದ ನಡೆದು ಬಂದು ಬಸವಳಿದಿದ್ದರು. ತಂಡವು ಅವರಿಗೆ ಹೆಗಲುಕೊಟ್ಟು ಇಳಿಸತೊಡಗಿತು. ಆದುದರಿಂದ ಇಳಿಯುವ ವೇಗ ಬಹಳವಾಗಿ ಕುಂಠಿತವಾಯಿತು. ನಾಲ್ಕನೆಯ ಮಹಡಿಯ ಬಳಿ ಅವರಿಗೆ ಒಂದು ಹೆಜ್ಜೆಯೂ ಮುಂದಿಡಲಾಗಲಿಲ್ಲ. ಅವರನ್ನು ಕೂರಿಸಿ ಹೊತ್ತೊಯ್ಯಲು ಗಟ್ಟಿ ಕುರ್ಚಿಯೊಂದನ್ನು ಹುಡುಕುತ್ತ ಜೋನಸ್ ಆ ಮಹಡಿಯೊಳಗೆ ಹೋದರು. ಸಿಗದೆ ಮೆಟ್ಟಿಲಿನತ್ತ ಮರಳುವಷ್ಟರಲ್ಲಿ, 10 ಗಂಟೆ 28 ನಿಮಿಷಕ್ಕೆ, 110 ಮಹಡಿಗಳ ಗೋಪುರ ಕುಸಿಯಿತು.

ಸುತ್ತಲಿನ ಎಲ್ಲವೂ ಪುಡಿಯಾದರೂ ಆ ಮೆಟ್ಟಿಲು ಮಾರ್ಗದ ಕೆಳಭಾಗದ ಒಂದು ತುಣುಕು ಮಾತ್ರ ಉಳಿಯಿತು. ಜೋಸೆಫೀನ್ ಹ್ಯಾರಿಸ್, ಲ್ಯಾಡರ್ 6ರ ಆರೂ ಮಂದಿ, ಇನ್ನೂ ಕೆಲವರು ಅದರೊಳಗೆ ಜೀವಂತವಾಗಿದ್ದರು. ಕಣ್ಣು ಮೂಗು ಬಾಯಿಗಳಲ್ಲಿ ಧೂಳು ತುಂಬಿತ್ತು, ಕತ್ತಲು ಕವಿದಿತ್ತು. ರೇಡಿಯೋದಲ್ಲಿ ತಾವಿರುವ ಜಾಗವನ್ನು ತಿಳಿಸಿದರೂ ಹೊರಗಿದ್ದವರಿಗೆ ಗೋಪುರ ಎಲ್ಲಿತ್ತೆಂಬುದನ್ನೇ ಗುರುತಿಸಲಾಗುತ್ತಿರಲಿಲ್ಲ. ಹೊತ್ತು ಕಳೆದಂತೆ ಧೂಳು ಅಡಗಿ ಮೇಲಿನಿಂದ ಬಿಸಿಲಿನ ಕಿರಣವೊಂದು ಇಳಿಯಿತು. ತಮ್ಮ ತಲೆಯ ಮೇಲಿದ್ದ ನೂರಕ್ಕೂ ಹೆಚ್ಚು ಮಹಡಿಗಳು ಈಗಿಲ್ಲವೆಂಬುದು ಅವರಿಗೆ ಆಗಲೇ ಮನದಟ್ಟಾದದ್ದು. ಮೂರು ಗಂಟೆಗೂ ಹೆಚ್ಚು ಕಾಲದ ನಂತರ ಅವರು ಹೊರಬಂದರು. ಆ ದಿನ ನ್ಯೂಯಾರ್ಕ್ ಅಗ್ನಿಶಾಮಕ ದಳದ 343 ಮಂದಿ ಪ್ರಾಣ ತೆತ್ತರು.

ಜೋಸೆಫೀನ್ ಅವರಿಗಾಗಿ ನಡಿಗೆ ನಿಧಾನಗೊಳ್ಳದಿದ್ದರೆ ತಂಡವು ಇನ್ನೂ ಕೆಳಗಿನ ಮಹಡಿಯಲ್ಲೋ ಹೊರಗಿನ ಅಂಗಳದಲ್ಲೋ ಇರುತ್ತಿತ್ತು. ಬದುಕುವ ಸಂಭವ ಕಡಿಮೆಯಿತ್ತು. ಆಕೆಯನ್ನು ರಕ್ಷಿಸಹೊರಟವರು ಆಕೆಯಿಂದಲೇ ತಾವು ಉಳಿದೆವೆಂದು ನಂಬಿದರು. 2011ರ ಜನವರಿಯಲ್ಲಿ ಆಕೆ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ನೀಡಿದವರೂ ಅವರೇ.

ಈ ಘಟನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕಟ್ಟಡ ಕುಸಿದಾಗ ಬದುಕುವುದು ಬಹುಮಟ್ಟಿಗೆ ದೈವಾಧೀನ. ಅದನ್ನು ಯೋಜನೆಯಾಗಿ ಯಾರೂ ನೆಚ್ಚುವಂತಿಲ್ಲ. ಎರಡನೆಯದು, ದೈವದ ಹೊರತಾಗಿ ನೆರವಿಗೆ ಬಂದದ್ದು ಮಾಹಿತಿ. ಪಕ್ಕದ ಗೋಪುರ ಬಿದ್ದ ಸುದ್ದಿ ಜೋನಸ್ ಅವರಿಗೆ ತಿಳಿಯಿತು, ಅವರು ಇಳಿದರು. ಅದೇ ಗೋಪುರದಲ್ಲಿದ್ದ ಅನೇಕ ಭಟರಿಗೆ ಆ ಸುದ್ದಿಯೂ ಹಿಂತಿರುಗುವ ಆದೇಶವೂ ತಲುಪಲೇ ಇಲ್ಲವೆಂಬುದು ತನಿಖಾ ಆಯೋಗದ ವರದಿಯಲ್ಲಿ ದಾಖಲಾಗಿದೆ.

ಕರ್ನಾಟಕದ ಎರಡು ದುರಂತಗಳು

ಇಂತಹವು ದೂರದೇಶದ ಗಗನಚುಂಬಿಗಳ ಸಮಾಚಾರವೆಂದು ತಳ್ಳಿಹಾಕುವಂತಿಲ್ಲ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಸಮೀಪ ನಿರ್ಮಾಣದಲ್ಲಿದ್ದ ಗಂಗಾರಾಂ ಕಟ್ಟಡ ಕುಸಿದು 123 ಮಂದಿ ಸಾವಿಗೀಡಾದರು. ಹಿರಿಯೂರನ್ನು ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿಯೇ ಮುಂದಿರುವ ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರ ಮಧ್ಯಾಹ್ನ ಬಹುಮಹಡಿ ಕಟ್ಟಡವೊಂದು ನೆಲಕಚ್ಚಿತು. ಮೇಲಿನ ಅಂತಸ್ತುಗಳ ಕೆಲಸ ಇನ್ನೂ ನಡೆದಿರುವಾಗಲೇ ಕೆಳಗೆ ಅಂಗಡಿಗಳು ವ್ಯಾಪಾರ ಆರಂಭಿಸಿದ್ದವು. 19 ಮಂದಿ ಮಡಿದರು. ಐವತ್ತಕ್ಕೂ ಹೆಚ್ಚು ಜನರನ್ನು ಹೊರತೆಗೆಯಲಾಯಿತು.

ಧಾರವಾಡದಲ್ಲಿ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿ, ರಾಜ್ಯ ಹಾಗೂ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಗಳು ಹಲವು ದಿನ ಹಗಲಿರುಳು ಶ್ರಮಿಸಿದವು. ಎರಡು ದಿನ ಕಳೆದ ಮೇಲೂ ಕೆಲವರು ಜೀವಂತವಾಗಿ ಸಿಕ್ಕಿದರು. ಕುಸಿತದಲ್ಲಿ ಚಪ್ಪಡಿಗಳು ಒಂದರ ಮೇಲೊಂದು ದೋಸೆಗಳಂತೆ ಬೀಳುವುದೂ ಉಂಟು. ಒಂದು ಅಂಚು ಗೋಡೆಗೋ ಕಂಬಕ್ಕೋ ಆನಿಕೊಂಡು ಕೆಳಗೆ ತ್ರಿಕೋನಾಕಾರದ ಪೊಳ್ಳು ಉಳಿಯುವುದೂ ಉಂಟು. ಜೀವಗಳು ಸಿಗುವುದು ಬಹುತೇಕ ಇಂತಹ ಪೊಳ್ಳುಗಳಲ್ಲಿಯೇ. ಆದ್ದರಿಂದಲೇ ರಕ್ಷಕರು ಕೂಡಲೇ ಜೆಸಿಬಿ ಹಚ್ಚುವುದಿಲ್ಲ. ಯಂತ್ರಗಳನ್ನೆಲ್ಲ ನಿಲ್ಲಿಸಿ, ನೆರೆದವರನ್ನು ಮೌನವಾಗಿರಿಸಿ, ಒಳಗಿನ ದನಿಗಾಗಿ ಕಿವಿಗೊಡುತ್ತಾರೆ. ಬಳಿಕ ಚಪ್ಪಡಿ ಕೊರೆದು, ಮರದ ಊರೆಗಳನ್ನು ಕೊಟ್ಟು, ತೆವಳಿಕೊಂಡು ಒಳಹೋಗುತ್ತಾರೆ. ಉಳಿದ ಭಾಗ ಯಾವ ಕ್ಷಣದಲ್ಲಾದರೂ ಬೀಳಬಹುದೆಂದು ಅರಿತೇ ಹೋಗುತ್ತಾರೆ. ಇಷ್ಟರಲ್ಲಿ ಅವರು ಮೊದಲು ಕೇಳುವ ಪ್ರಶ್ನೆ ಒಳಗೆ ಎಷ್ಟು ಮಂದಿ ಇದ್ದರು ಎಂಬುದು. ಹಾಜರಿ ಪುಸ್ತಕವಿಲ್ಲದ ಸಂಸ್ಥೆಯಲ್ಲಿ ಇದಕ್ಕೆ ಉತ್ತರ ದೊರೆಯದು. ಇಲ್ಲದ ವ್ಯಕ್ತಿಯನ್ನು ಹುಡುಕಿಕೊಂಡು ಭಟರು ಅಪಾಯಕ್ಕೆ ಒಡ್ಡಿಕೊಳ್ಳಬೇಕಾಗುತ್ತದೆ.

ಬೆಂಕಿ ನಂದಿಸಲು ಹೋದವರ ಮೇಲೆಯೇ ಕಟ್ಟಡ ಬಿದ್ದ ನಿದರ್ಶನಗಳು ಭಾರತದಲ್ಲಿ ಕಡಿಮೆಯಿಲ್ಲ. 2015ರ ಮೇ 9ರಂದು ಮುಂಬಯಿಯ ಕಾಲಬಾದೇವಿಯ ಹಳೆಯ ಕಟ್ಟಡವೊಂದರ ಬೆಂಕಿ ಹಾಗೂ ಕುಸಿತದಿಂದ ಮುಂಬಯಿ ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳು ಜೀವ ತೆತ್ತರು. ದಳದ ಮುಖ್ಯಸ್ಥರೂ ಅವರಲ್ಲೊಬ್ಬರು. 2017ರ ನವೆಂಬರ್ 20ರಂದು ಲೂಧಿಯಾನದ ಪ್ಲಾಸ್ಟಿಕ್ ಕಾರ್ಖಾನೆಯೊಂದು ಬೆಂಕಿಯ ನಡುವೆ ಕುಸಿದು ಒಂಬತ್ತು ಅಗ್ನಿಶಾಮಕರು ಮಡಿದರು. 2020ರ ಜನವರಿ 2ರಂದು ದೆಹಲಿಯ ಪೀರಾಗಢಿಯ ಬ್ಯಾಟರಿ ಕಾರ್ಖಾನೆಯಲ್ಲಿ ಬೆಂಕಿ ನಂದಿಸುತ್ತಿರುವಾಗಲೇ ಸ್ಫೋಟವಾಗಿ ಕಟ್ಟಡ ಬಿತ್ತು. ಒಬ್ಬ ಭಟ ಅಸುನೀಗಿದರು, ಅವಶೇಷದಡಿ ಸಿಲುಕಿದ ಅವರ ಸಹೋದ್ಯೋಗಿಗಳನ್ನು ಗಾಯಗಳೊಡನೆ ಹೊರತೆಗೆಯಲಾಯಿತು. ಈ ಮೂರೂ ಸ್ಥಳಗಳು ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಬೀದಿಗಳೇ ಎಂಬುದು ಗಮನಾರ್ಹ.

ಕಟ್ಟಡ ಬೀಳುವುದೇಕೆ?

ಮೊದಲನೆಯ ಕಾರಣ ಮಿತಿಮೀರಿದ ಭಾರ. ಭಾರತೀಯ ಮಾನಕ 875ರ ಎರಡನೆಯ ಭಾಗದ ಪ್ರಕಾರ ವಾಸದ ಕೊಠಡಿಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ವಿನ್ಯಾಸಗೊಳಿಸುವುದು ರೂಢಿ. ದಾಸ್ತಾನು ಕೊಠಡಿಗಾದರೆ ಕನಿಷ್ಠ 750 ಕೆ.ಜಿ.ಯಷ್ಟು, ದಾಸ್ತಾನಿನ ಎತ್ತರ ಹೆಚ್ಚಿದಂತೆ ಇನ್ನೂ ಹೆಚ್ಚು. ಈಗ ಒಂದು ಸರಳ ಲೆಕ್ಕ. 50 ಕೆ.ಜಿ.ಯ ಸಿಮೆಂಟ್ ಚೀಲವೊಂದು ಸುಮಾರು 0.3 ಚದರ ಮೀಟರ್ ಜಾಗ ಹಿಡಿಯುತ್ತದೆ. ಹತ್ತು ಚೀಲಗಳನ್ನು ಒಂದರ ಮೇಲೊಂದು ಪೇರಿಸಿದರೆ ಆ ಜಾಗದ ಮೇಲೆ 500 ಕೆ.ಜಿ.; ಅಂದರೆ ಪ್ರತಿ ಚದರ ಮೀಟರಿಗೆ 1,650 ಕೆ.ಜಿ.ಗೂ ಅಧಿಕ. ಮನೆಯೆಂದು ಕಟ್ಟಿ ಮಳಿಗೆಯಾಗಿ ಮಾರ್ಪಡಿಸಿದ ಮಹಡಿಯಲ್ಲಿ ಇಂತಹ ರಾಶಿ ಹಾಕಿದರೆ ವಿನ್ಯಾಸದ ಎಂಟು ಪಟ್ಟು ಭಾರ ಹೇರಿದಂತಾಗುವುದು. ಅದು ಇಂದು ಬೀಳದಿರುವುದಕ್ಕೆ ಎಂಜಿನಿಯರರು ಸೇರಿಸಿದ ಸುರಕ್ಷತಾ ಅಂತರವೂ, ರಾಶಿ ಇಡೀ ನೆಲಕ್ಕೆ ಹರಡದಿರುವುದೂ ಕಾರಣ. ಬೆಂಕಿ ಬಿದ್ದಾಗ ಆ ಅಂತರವೇ ಮೊದಲು ಕರಗುವುದು.

ಎರಡನೆಯದು ಉಕ್ಕಿನ ಸ್ವಭಾವ. ಉಕ್ಕು ಉರಿಯದು, ಆದರೆ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಬಲ ಅರ್ಧದಷ್ಟು ಕುಂದುತ್ತದೆ. ಎಣ್ಣೆ, ಪ್ಲಾಸ್ಟಿಕ್, ಗೋಣಿಚೀಲಗಳ ಬೆಂಕಿ ಈ ಶಾಖವನ್ನು ಬೇಗನೆ ಮುಟ್ಟುತ್ತದೆ. ಮಾತ್ರವಲ್ಲ, ಹತ್ತು ಮೀಟರ್ ಉದ್ದದ ಉಕ್ಕಿನ ತೊಲೆ 500 ಡಿಗ್ರಿಯಷ್ಟು ಕಾಯ್ದರೆ ಸುಮಾರು ಆರು ಸೆಂಟಿಮೀಟರ್ ಹಿಗ್ಗಿ ಎರಡೂ ಬದಿಯ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ತಗಡಿನ ಛಾವಣಿಯ ಗೋದಾಮುಗಳಲ್ಲಿ ಗೋಡೆ ಹೊರಮುಖವಾಗಿ ಬೀಳುವುದಕ್ಕೆ ಇದೂ ಒಂದು ಕಾರಣ. ಕಾಂಕ್ರೀಟು ಹೆಚ್ಚು ಹೊತ್ತು ತಾಳುತ್ತದೆ. ಆದರೆ ಶಾಖಕ್ಕೆ ಅದರೊಳಗಿನ ತೇವ ಆವಿಯಾಗಿ ಮೇಲ್ಪದರ ಸಿಡಿದು ಹಾರುತ್ತದೆ. ಒಳಗಿನ ಸರಳು ಬಯಲಾದ ಮೇಲೆ ಅದರ ಗತಿಯೂ ತೊಲೆಯದೇ. ಗಾರೆಯಲ್ಲಿ ಉಳಿತಾಯ ಮಾಡಿ ಸರಳಿನ ಮೇಲಿನ ಹೊದಿಕೆಯನ್ನು ತೆಳುವಾಗಿಸಿದ ಕಡೆ ಈ ಅವಧಿ ಇನ್ನೂ ಮೊಟಕು.

ಮೂರನೆಯದು ಬೆಂಕಿ ನಂದಿಸುವ ನೀರೇ. ನಿಮಿಷಕ್ಕೆ 400 ಲೀಟರಿನಂತೆ ಎರಡು ಕೊಳವೆಗಳು ಅರ್ಧ ಗಂಟೆ ನೀರು ಹಾಯಿಸಿದರೆ 24,000 ಲೀಟರ್, ಎಂದರೆ 24 ಟನ್. ಅದರಲ್ಲಿ ಒಂದು ಪಾಲು ಹರಿದುಹೋಗುತ್ತದೆ. ಹತ್ತಿಯ ಅಂಡಿಗೆ, ಗೋಣಿಚೀಲ, ತೆಂಗಿನ ನಾರು, ರಟ್ಟು ಮುಂತಾದವು ಉಳಿದುದನ್ನು ಹೀರಿಕೊಂಡು ತೂಕವನ್ನು ಮಹಡಿಯ ಮೇಲೆಯೇ ನಿಲ್ಲಿಸುತ್ತವೆ. ನೀರು ಕುಡಿದ ಅಂಡಿಗೆಗಳು ಉಬ್ಬಿ ಗೋಡೆಯನ್ನು ತಳ್ಳುವುದೂ ಉಂಟು. ಹತ್ತಿ, ಶೇಂಗಾ, ಕೊಬ್ಬರಿಯ ವಹಿವಾಟಿರುವ ಈ ಸೀಮೆಯಲ್ಲಿ ದಾಸ್ತಾನು ಮತ್ತು ಗೋಡೆಯ ನಡುವೆ ಓಡಾಡುವಷ್ಟು ಸ್ಥಳ ಬಿಡಬೇಕೆಂಬ ಹಳೆಯ ನಿಯಮಕ್ಕೆ ಇದೇ ಅರ್ಥ.

ನಾಲ್ಕನೆಯದು ಅನುಮತಿಯಿಲ್ಲದ ಮಾರ್ಪಾಡು. ಅಡ್ಡಬಂದ ಕಂಬವನ್ನು ತೆಗೆಸುವುದು, ಷಟರ್ ಹಾಕಲು ಭಾರ ಹೊತ್ತ ಗೋಡೆ ಒಡೆಯುವುದು, ಎರಡು ಅಂತಸ್ತಿನ ಪಾಯದ ಮೇಲೆ ನಾಲ್ಕು ಅಂತಸ್ತು ಏರಿಸುವುದು, ಕಬ್ಬಿಣದ ಕೋನಗಳ ಮೇಲೆ ಅಟ್ಟ ಕಟ್ಟುವುದು ಇವೆಲ್ಲ ನಕ್ಷೆಯಲ್ಲಿ ಕಾಣದ ಸಂಗತಿಗಳು. ಹೊರಗಿನಿಂದ ಬಂದ ಭಟನಿಗೆ ಹೊಗೆಯಲ್ಲಂತೂ ಅವು ಕಾಣವು.

ಅಗ್ನಿಶಾಮಕ ಅಧಿಕಾರಿಯು ನೋಡುವ ಲಕ್ಷಣಗಳು

ಬೆಂಕಿಯ ಸ್ಥಳದಲ್ಲಿ ಅಧಿಕಾರಿಯು ಜ್ವಾಲೆಯಷ್ಟೇ ಗಮನವನ್ನು ಕಟ್ಟಡದ ಮೇಲೂ ಇರಿಸುತ್ತಾನೆ. ಗೋಡೆಯಲ್ಲಿ ಹೊಸ ಬಿರುಕು, ಉಬ್ಬು, ಜೋತುಬಿದ್ದ ಚಾವಣಿ, ಇದ್ದಕ್ಕಿದ್ದಂತೆ ಬಿಗಿದುಕೊಂಡ ಬಾಗಿಲು, ಇಟ್ಟಿಗೆಗಳ ಸಂದಿನಿಂದ ಹೊರಡುವ ಹೊಗೆ, ಒಳಗಿನಿಂದ ಕೇಳುವ ನರಳಿಕೆಯಂತಹ ಸದ್ದು, ಹಾಯಿಸಿದಷ್ಟು ನೀರು ಹೊರಗೆ ಹರಿಯದಿರುವುದು ಇವು ಕುಸಿತದ ಮುನ್ಸೂಚನೆಗಳು. ಇವುಗಳಲ್ಲಿ ಕೆಲವು ಕಂಡರೂ ತಂಡವನ್ನು ಹಿಂದಕ್ಕೆ ಕರೆಯಿಸಿ, ಕಟ್ಟಡದ ಎತ್ತರದ ಒಂದೂವರೆ ಪಟ್ಟು ದೂರದವರೆಗೆ ಯಾರೂ ಇರದಂತೆ ನೋಡಿಕೊಳ್ಳುವುದು ಕ್ರಮ. ಆ ಹೊತ್ತಿನಲ್ಲಿ ವರ್ತಕರು ‘ಒಳಗೆ ಸ್ಟಾಕು ಇದೆ, ಗಲ್ಲಾಪೆಟ್ಟಿಗೆ ಇದೆ’ ಎಂದು ಒತ್ತಾಯಿಸುವುದು ತಕ್ಕುದಲ್ಲ. ಅಧಿಕಾರಿಯು ಹಿಂದೆ ಸರಿಯುವುದು ಹೇಡಿತನದಿಂದಲ್ಲ. ಜೋನಸ್ ತಮ್ಮ ತಂಡಕ್ಕೆ ಇಳಿಯಲು ಹೇಳಿದ್ದೂ ಇಂತಹದೇ ನಿರ್ಣಯ.

ಭಾರತದಲ್ಲಿ ಪ್ರತಿವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದರ ಹಿನ್ನೆಲೆಯನ್ನೂ ಇಲ್ಲಿ ಸ್ಮರಿಸಬಹುದು. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಂದೇ ಹಡಗಿನ ಒಡಲಲ್ಲಿ ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ತುಂಬಲಾಗಿತ್ತು. ಸ್ಫೋಟದಲ್ಲಿ 66 ಅಗ್ನಿಶಾಮಕರು ಮಡಿದರು. ಯಾವ ಸರಕಿನ ಪಕ್ಕದಲ್ಲಿ ಯಾವ ಸರಕು ಇದೆ ಎಂಬುದು ಜೀವನ್ಮರಣದ ಪ್ರಶ್ನೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕಿರಾಣಿ ಗೋದಾಮಿನ ಮೂಲೆಯಲ್ಲಿ ಥಿನ್ನರ್ ಡಬ್ಬಿಗಳನ್ನೋ ಪಟಾಕಿ ಪೆಟ್ಟಿಗೆಗಳನ್ನೋ ಇರಿಸಿ ಯಾರಿಗೂ ಹೇಳದಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ವಿಮೆ, ತೆರಿಗೆ ಮತ್ತು ಕಾನೂನು

ಅಗ್ನಿ ವಿಮೆ ಇದ್ದರೆ ಕಟ್ಟಡ ಕುಸಿದರೂ ಪರಿಹಾರ ಬಂದೇ ಬರುವುದೆಂಬ ಭಾವನೆ ಸರಿಯಲ್ಲ. ಬೆಂಕಿ, ಪ್ರವಾಹ, ಸಿಡಿಲು ಮೊದಲಾದ ಪಾಲಿಸಿಯಲ್ಲಿ ನಮೂದಿಸಿದ ಅಪಾಯಗಳಿಂದ ಕುಸಿದರೆ ಪರಿಹಾರ ಉಂಟು. ಕಳಪೆ ಕಾಮಗಾರಿಯಿಂದಲೋ ಮಿತಿಮೀರಿದ ದಾಸ್ತಾನಿನಿಂದಲೋ ತಾನಾಗಿ ಬಿದ್ದರೆ ಅದು ಆ ಪಟ್ಟಿಯಲ್ಲಿ ಇರುವುದಿಲ್ಲ. ದೀರ್ಘಕಾಲದಿಂದ ಬಳಕೆಯಲ್ಲಿರುವ ಪ್ರಮಾಣಿತ ಅಗ್ನಿ ಮತ್ತು ವಿಶೇಷ ಅಪಾಯಗಳ ಪಾಲಿಸಿಯ ನಮೂನೆಯಲ್ಲಿ, ವಿಮೆಗೊಳಪಡದ ಕಾರಣದಿಂದ ಕಟ್ಟಡ ಬಿದ್ದರೆ ಏಳು ದಿನಗಳ ಬಳಿಕ ವಿಮೆಯೇ ನಿಂತುಹೋಗುವುದೆಂಬ ಷರತ್ತಿದೆ. ಕಟ್ಟಡದ ಬಳಕೆಯನ್ನು ಅಪಾಯ ಹೆಚ್ಚುವ ರೀತಿಯಲ್ಲಿ ಬದಲಿಸಿ ಕಂಪನಿಗೆ ತಿಳಿಸದಿದ್ದರೂ ರಕ್ಷಣೆ ತಪ್ಪುತ್ತದೆ. ಮನೆಯನ್ನು ಗೋದಾಮು ಮಾಡಿದವರು, ಕಾಳಿನ ಗೋದಾಮಿನಲ್ಲಿ ರಾಸಾಯನಿಕ ತುಂಬಿದವರು ತಮ್ಮ ಪಾಲಿಸಿಯ ಷರತ್ತುಗಳನ್ನು ಓದಿ ನೋಡಬೇಕು.

ಇನ್ನು ವಿಮಾ ಮೊತ್ತ. 40 ಲಕ್ಷ ರೂಪಾಯಿಯ ಸರಕನ್ನು 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 10 ಲಕ್ಷ ನಷ್ಟವಾದರೆ, ಸರಾಸರಿ ಷರತ್ತಿನನ್ವಯ ದೊರೆಯುವುದು 5 ಲಕ್ಷ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (5 ಕೋಟಿ ರೂಪಾಯಿವರೆಗೆ) ಹಾಗೂ ಭಾರತ್ ಲಘು ಉದ್ಯಮ ಸುರಕ್ಷಾ (5 ಕೋಟಿಯಿಂದ 50 ಕೋಟಿವರೆಗೆ) ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ; ಅದಕ್ಕೂ ಮೀರಿದರೆ ಕಡಿತ ತಪ್ಪದು.

ಸರಕು ಮತ್ತು ಸೇವಾ ತೆರಿಗೆಯ ಅಂಶವನ್ನು ಬಹಳ ಮಂದಿ ಮರೆಯುತ್ತಾರೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಪ್ರಕರಣದಂತೆ ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕು. ಶೇ. 18ರ ದರದ 20 ಲಕ್ಷ ರೂಪಾಯಿಯ ಸರಕು ಸುಟ್ಟರೆ 3 ಲಕ್ಷ 60 ಸಾವಿರ ರೂಪಾಯಿಯ ಜಮೆಯೂ ಹೋದಂತೆಯೇ. ವಿಮಾ ಮೊತ್ತವನ್ನು ನಿಗದಿಪಡಿಸುವಾಗ ತೆರಿಗೆಯನ್ನೂ ಸೇರಿಸಿಕೊಳ್ಳುವ ಬಗ್ಗೆ ಕಂಪನಿಯೊಡನೆ ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳುವುದು ಲೇಸು. ದಾಸ್ತಾನು ಪುಸ್ತಕ, ಖರೀದಿ ಬಿಲ್ಲುಗಳ ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿ ಇರಿಸತಕ್ಕದ್ದು. ಸುಟ್ಟುಹೋದ ಪುಸ್ತಕದಿಂದ ಸುಟ್ಟ ಸರಕನ್ನು ರುಜುವಾತುಪಡಿಸಲಾಗದು.

ಹಣದ ನಷ್ಟಕ್ಕೆ ವಿಮೆ ಇದ್ದೀತು, ಅಪರಾಧದ ಹೊಣೆಗೆ ಇಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಹಿಂದಿನ ದಂಡಸಂಹಿತೆಯಲ್ಲಿ ಗರಿಷ್ಠ ಎರಡು ವರ್ಷ ಸೆರೆವಾಸವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಲ್ಲಿ ಅದು ಐದು ವರ್ಷಕ್ಕೇರಿದೆ. ಸತ್ತವನು ಗಿರಾಕಿಯೇ ಆಗಿರಲಿ, ಹಮಾಲಿಯೇ ಆಗಿರಲಿ, ಅಗ್ನಿಶಾಮಕ ಭಟನೇ ಆಗಿರಲಿ, ಕಾನೂನು ಭೇದವೆಣಿಸದು.

ವರ್ತಕರು ಕೈಗೊಳ್ಳಬಹುದಾದ ಕ್ರಮಗಳು

ಒಂದು: ಅರ್ಹ ರಚನಾ ಎಂಜಿನಿಯರರಿಂದ ಗೋದಾಮನ್ನು ಪರೀಕ್ಷಿಸಿಸಿ, ಪ್ರತಿ ಮಹಡಿಯ ಭಾರಮಿತಿಯನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು. ಎಷ್ಟು ಚೀಲ ಎತ್ತರಕ್ಕೆ ಪೇರಿಸಬಹುದೆಂದು ಹಮಾಲರಿಗೆ ತಿಳಿಯುವಂತೆ ಗೆರೆ ಎಳೆಸಿದರೆ ಇನ್ನೂ ಉತ್ತಮ.

ಎರಡು: ಭಾರದ ಸರಕು ನೆಲಮಹಡಿಯಲ್ಲಿ, ಹಗುರದ್ದು ಮೇಲೆ. ಗೋಡೆಯಿಂದಲೂ ಕಂಬಗಳಿಂದಲೂ ಅಂತರ ಬಿಡಬೇಕು.

ಮೂರು: ಕಂಬ, ತೊಲೆ, ಭಾರ ಹೊತ್ತ ಗೋಡೆಗಳನ್ನು ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಬಾಡಿಗೆದಾರರು ಈ ಷರತ್ತನ್ನು ಕರಾರುಪತ್ರದಲ್ಲಿಯೇ ಸೇರಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ನಾಲ್ಕು: ಹೆಬ್ಬಾಗಿಲ ಬಳಿ ಒಂದು ಹಾಳೆಯ ಮಾಹಿತಿ ಫಲಕವಿರಲಿ. ಯಾವ ಕೋಣೆಯಲ್ಲಿ ಯಾವ ಸರಕು, ಗ್ಯಾಸ್ ಸಿಲಿಂಡರು ಎಲ್ಲಿ, ವಿದ್ಯುತ್ತಿನ ಮುಖ್ಯ ಸ್ವಿಚ್ಚು ಎಲ್ಲಿ, ಅಟ್ಟ ಎಲ್ಲಿದೆ, ಒಳಗೆ ಎಷ್ಟು ಮಂದಿ ಕೆಲಸ ಮಾಡುತ್ತಾರೆ ಎಂಬ ವಿವರಗಳು ಅದರಲ್ಲಿರಬೇಕು. ಹಾಜರಿ ಪುಸ್ತಕವೂ ಬಾಗಿಲ ಬಳಿಯಲ್ಲಿಯೇ ಇರಲಿ.

ಐದು: ಬೆಂಕಿ ಕಂಡೊಡನೆ 101 ಅಥವಾ 112ಕ್ಕೆ ಕರೆ ಮಾಡಬೇಕು. ಆಳುಗಳಿಂದಲೇ ಆರಿಸಿಬಿಡೋಣವೆಂದು ಕಳೆದ ಹತ್ತು ನಿಮಿಷಗಳು ಕಟ್ಟಡದ ಆಯುಷ್ಯದಿಂದಲೇ ಕಳೆದವು. ಭಟರು ತಡವಾಗಿ ಬಂದಷ್ಟೂ ಹೆಚ್ಚು ದುರ್ಬಲಗೊಂಡ ಕಟ್ಟಡವನ್ನು ಅವರು ಹೊಗಬೇಕಾಗುವುದು.

ಆರು: ಅಧಿಕಾರಿ ಬಂದೊಡನೆ ಒಳಗಿನ ಸರಕನ್ನು ಇದ್ದಂತೆ ಹೇಳಬೇಕು. ಲೈಸೆನ್ಸಿಲ್ಲದ ದಾಸ್ತಾನಾಗಲಿ, ಬಿಲ್ಲಿಲ್ಲದ ಸರಕಾಗಲಿ, ಅದನ್ನು ಆ ಗಳಿಗೆಯಲ್ಲಿ ಮುಚ್ಚಿಡಬಾರದು. ದಂಡ ತೆತ್ತು ಮುಗಿಸಬಹುದಾದ ತಪ್ಪಿಗಾಗಿ ಒಬ್ಬ ಭಟನ ಜೀವವನ್ನು ಒಡ್ಡುವುದು ಯಾವ ಲೆಕ್ಕದಲ್ಲಿಯೂ ಸರಿಹೊಂದದು.

ಏಪ್ರಿಲ್ 14ರಿಂದ 20ರವರೆಗೆ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಠಾಣೆಗಳು ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸುತ್ತವೆ. ವರ್ತಕ ಸಂಘಗಳು ಆ ಸಂದರ್ಭದಲ್ಲಿ ಠಾಣಾಧಿಕಾರಿಯನ್ನು ಮಂಡಿಪೇಟೆಗೂ ಕೈಗಾರಿಕಾ ವಸಾಹತಿಗೂ ಬರಮಾಡಿಕೊಂಡು ಗೋದಾಮುಗಳನ್ನು ಹಗಲಿನಲ್ಲಿ, ಹೊಗೆಯಿಲ್ಲದ ಹೊತ್ತಿನಲ್ಲಿ, ಒಮ್ಮೆ ತೋರಿಸಿದರೆ ಅದರ ಖರ್ಚು ಒಂದು ಚಹಾದಷ್ಟು. ಮುಂದೆಂದಾದರೂ ರಾತ್ರಿಯ ಹೊತ್ತು ಅದೇ ಬಾಗಿಲಿನಿಂದ ಕತ್ತಲೆಯಲ್ಲಿ ಒಳಹೋಗಬೇಕಾದವರಿಗೆ ಕಂಬ ಎಲ್ಲಿದೆ, ಮೆಟ್ಟಿಲು ಎಲ್ಲಿದೆ, ಹಿಂದಿರುಗುವ ದಾರಿ ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ.